ಬಟ್ಟಲು, ಬೆಂಕಿ ಮತ್ತು ಹೋದ ಜನ್ಮ

ಏಸು ಕೊನೆಯ ಊಟದಲ್ಲಿ ಬಳಸಿದ್ದು ಎನ್ನುವ 'ಗ್ರೇಲ್' ಮೊದಲಿಗೆ ಬಟ್ಟಲೇ ಆಗಿರಲಿಲ್ಲ. ಹನ್ನೆರಡನೇ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರ್ವಾ ಬರೆದಾಗ ಅದು ಊಟ ಬಡಿಸೋ ಅಗಲದ ಹರಿವಾಣ. ರೊಬೇರ್ ದ ಬೊರೊನ್ ಅದನ್ನ ಏಸುವಿನ ಬಟ್ಟಲು ಮಾಡಿದ. ಜರ್ಮನ್ ಕವಿ ವೊಲ್ಫ್ರಾಮ್‌ನಲ್ಲಿ ಅದು ಕಲ್ಲಾಯ್ತು. ಕವಿಗಳು ಕಟ್ಟಿದ್ದಕ್ಕೆ ನಮ್ಮ ತಕರಾರಿಲ್ಲ. ತಕರಾರಿರೋದು ಅದರ ಗೂಢಾರ್ಥ ಬಿಡಿಸಲು ಬಂದವರ ಮೇಲೆ.

1933ರಲ್ಲಿ ಜರ್ಮನಿಯ ಒಟ್ಟೊ ರಾನ್ ಪುಸ್ತಕ ಬರೆದು, ಗ್ರೇಲ್ ಇದ್ದದ್ದು ದಕ್ಷಿಣ ಫ್ರಾನ್ಸಿನ ಕ್ಯಾಥರರ ಹತ್ತಿರ, ಮೊಂಸೆಗೂರ್ ಕೋಟೆಯಲ್ಲಿ ಎಂದು ಸಾರಿದ. ಕ್ಯಾಥರರು ಯಾರು? ರೋಮಿನ ಚರ್ಚನ್ನು ಒಪ್ಪದವರು. ಜಡವಸ್ತುವೆಲ್ಲ ಕೇಡಿನ ಸೃಷ್ಟಿ ಅಂದವರು. ಶಿಲುಬೆಗೂ ಕೈಮುಗಿಯಲಿಲ್ಲ, ಸಂತರ ಎಲುಬಿಗೂ ಮುಗಿಯಲಿಲ್ಲ. ಇಂಥವರನ್ನ 'ನೇಕಾರರು' ಅಂತಲೇ ಕರೆದದ್ದೂ ಉಂಟು. 1244ರ ಮಾರ್ಚ್ 16ರಂದು ಆ ಕೋಟೆಯ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನ ಜೀವಂತ ಸುಟ್ಟರು. ಮುತ್ತಿಗೆಯ ಹೊತ್ತಿನಲ್ಲಿ ಹೊನ್ನು-ಬೆಳ್ಳಿ ಹೊರಗೆ ಸಾಗಿಸಿದರು ಅಂತ ವಿಚಾರಣೆಯ ಹೇಳಿಕೆಗಳಲ್ಲಿದೆ. ಆ ದುಡ್ಡೇ ಗೂಢವಾದಿಗಳ ಬಾಯಲ್ಲಿ ಬಟ್ಟಲಾಯ್ತು. ಪವಿತ್ರ ವಸ್ತುವೇ ಬೇಡ ಅಂದು ಸತ್ತವರ ಕೈಗೆ ಪವಿತ್ರ ಬಟ್ಟಲು ತುರುಕೋದು ಎಂಥ ವ್ಯಾಖ್ಯಾನ? ರಾನ್ 1936ರಲ್ಲಿ ಹಿಮ್ಲರನ ಎಸ್.ಎಸ್. ಸೇರಿದ ಅನ್ನೋದು ಅಡಿಟಿಪ್ಪಣಿಗೆ ತಳ್ಳುವ ಸಂಗತಿಯಲ್ಲ.

1970ರಲ್ಲಿ ಇಂಗ್ಲೆಂಡಿನ ಮನೋವೈದ್ಯ ಆರ್ಥರ್ ಗರ್ಡಮ್ ಇನ್ನೊಂದು ಪುಸ್ತಕ ತಂದ. ತನ್ನ ರೋಗಿಯ ದುಃಸ್ವಪ್ನಗಳು ಕ್ಯಾಥರ್ ಜನ್ಮದ ನೆನಪಂತೆ. ಆ ಜನ್ಮದಲ್ಲಿ ತಾನೂ ಇದ್ದನಂತೆ. ಆ ಹೆಂಗಸಿನ ನೋವು ಸುಳ್ಳು ಅಂತ ನಾವು ಹೇಳಲ್ಲ. ಆದರೆ ವೈದ್ಯನೇ ರೋಗಿಯ ಕಥೆಯೊಳಗೆ ಹೊಕ್ಕು ಕೂತರೆ ಸಾಕ್ಷಿ ಹೇಳೋರು ಯಾರು?

ನಮಗೆ ಈ ಮಾತು ದೂರದ್ದಲ್ಲ. ಕೆಟ್ಟ ನಡತೆಯವರು ನಾಯಿ, ಹಂದಿ, ಇಲ್ಲವೇ ಚಂಡಾಲರಾಗಿ ಹುಟ್ಟುತ್ತಾರೆ ಅನ್ನುತ್ತೆ ಛಾಂದೋಗ್ಯ ಉಪನಿಷತ್ತು. ಮೂರೂ ಒಂದೇ ಸಾಲಿನಲ್ಲಿ! 'ಹೋದ ಜನ್ಮದಾಗೆ ಏನ್ ಪಾಪ ಮಾಡಿದ್ವೋ' ಅಂತ ಕೇರಿಯ ಅಜ್ಜಿಯರ ಬಾಯಲ್ಲಿ ಬರುವ ಮಾತು ಅವರು ಹುಟ್ಟಿಸಿದ್ದಲ್ಲ, ಅವರ ತಲೆ ಮೇಲೆ ಹೊರಿಸಿದ್ದು. ಗರ್ಡಮ್‌ನ ಓದುಗನಿಗೆ ಪೂರ್ವಜನ್ಮ ಒಂದು ಒಡವೆ. ನಮಗೆ ಅದು ಜೀತದ ಪತ್ರ. ಅಂಬೇಡ್ಕರ್ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ (1957) ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ದಾಟಿ ಬರುತ್ತೆ ಅನ್ನೋದನ್ನ ತಳ್ಳಿಹಾಕಿದ್ದು ಸುಮ್ಮನೆ ಅಲ್ಲ.

ಕ್ಯಾಥರರೂ ಪುನರ್ಜನ್ಮ ನಂಬಿದ್ದರು, ನಿಜ. ಹೇಗೆ ನಂಬಿದ್ದರು ಅಂತ ತಿಳಿಯೋಕೆ ಲ ರ್ವಾ ಲದ್ಯುರಿಯ 'ಮೊಂತಾಯು' (1975) ಓದಬೇಕು. ಹದಿನಾಲ್ಕನೇ ಶತಮಾನದಲ್ಲಿ ಬಿಷಪ್ ಫೂರ್ನಿಯೆ ವಿಚಾರಣೆಗೆ ಎಳೆದ ಹಳ್ಳಿಗರ ಮಾತುಗಳು ಅದರಲ್ಲಿವೆ. ಅಲ್ಲೊಬ್ಬ ಬೋಧಕನ ಕಥೆ ಬರುತ್ತೆ. ಅವನಿಗೆ ನೆನಪಾದ ಹೋದ ಜನ್ಮದಲ್ಲಿ ಕೋಟೆಯಿಲ್ಲ, ಬಟ್ಟಲಿಲ್ಲ. ಅವನು ಕುದುರೆಯಾಗಿದ್ದ. ಯಜಮಾನನನ್ನ ಹೊತ್ತು ರಾತ್ರಿ ನಡೆಯುವಾಗ ಎರಡು ಕಲ್ಲಿನ ನಡುವೆ ಲಾಳ ಕಳಚಿತ್ತಂತೆ. ಜೊತೆಗಾರನನ್ನ ಕರಕೊಂಡು ಅದೇ ಜಾಗಕ್ಕೆ ಹೋಗಿ ಹುಡುಕಿದ, ಲಾಳ ಸಿಕ್ಕಿತು.