ಬೇರಿನ ಬೆನ್ನು ಹತ್ತಿದವರು

ಅಥಣಿಯ ಎರೆಹೊಲದಲ್ಲಿ ಹಿಂಗಾರಿ ಕಡಲೆಗಿಡವೊಂದನ್ನು ಸಲಿಕೆಯಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಬೇರಿಗೆ ಸಣ್ಣ ಗಂಟುಗಳು ಅಂಟಿಕೊಂಡಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ತಾಯಿಬೇರಿನ ತುದಿ ಮಾತ್ರ ಕೈಗೆ ಸಿಗದು, ಮಣ್ಣಲ್ಲೇ ಕಡಿದು ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಬಿತ್ತಿದ ಈ ಬೆಳೆ ನೆಲದಾಳದ ತೇವ ಕುಡಿದೇ ಕಾಳು ಕಟ್ಟಬೇಕು.

ಆ ಸಿಗದ ತುದಿಯನ್ನೇ ಹುಡುಕಿ ಹೊರಟವರ ತಾಳ್ಮೆಗೆ ನನ್ನ ನಮಸ್ಕಾರ. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ವಿಜ್ಞಾನಿಗಳು 120 ಸೆಂಟಿಮೀಟರ್ ಎತ್ತರದ ಕೊಳವೆಗಳಿಗೆ ಎರೆಮಣ್ಣು, ಮರಳು ತುಂಬಿ ಕಡಲೆ ಬೆಳೆಸಿದರು. 35ನೇ ದಿನಕ್ಕೆ ಮಣ್ಣು ತೊಳೆದು, ಎಳೆ ಹರಿಯದಂತೆ ಬೇರು ಬಿಡಿಸಿ ಅಳೆದರು. ಹುಲುಸು ಬೇರಿನ ಐಸಿಸಿ 4958 ತಳಿಯನ್ನು ಐಸಿಸಿ 1882ರೊಂದಿಗೆ ಸಂಕರಿಸಿ, ಅದರ ಪೀಳಿಗೆಯಲ್ಲಿ ಯಾವ ಬೇರು ಯಾವ ಡಿಎನ್‌ಎ ಗುರುತಿನ ಜೊತೆ ಬರುತ್ತದೆಂದು ಒಂದೊಂದಾಗಿ ತಾಳೆ ನೋಡಿದರು. ಬರ ತಾಳುವ ಹಲವು ಗುಣಗಳು ಡಿಎನ್‌ಎಯ ಒಂದೇ ಜಾಗದಲ್ಲಿ ಗುಂಪಾಗಿವೆ ಎಂದು 2014ರಲ್ಲಿ ಪ್ರಕಟಿಸಿದರು. ಮರುವರ್ಷವೇ ಆ ಜಾಗವನ್ನು 26 ವಂಶವಾಹಿಗಳಷ್ಟಕ್ಕೆ ಕಿರಿದಾಗಿಸಿದರು.

ನಮ್ಮ ಸಲಿಕೆಗೆ ಸಿಗದ ತುದಿಯನ್ನು ಇಡಿಯಾಗಿ ಎತ್ತಿ ಹಿಡಿದ ಆ ಕೈಗಳು ದೊಡ್ಡವು.