ಸಣ್ಣ ಊರಿನ ಗಾಳಿಗೆ ಒಂದೇ ಅಂಕಿ ಸಾಕೇ?

ಗಾಳಿಯ ಗುಣವನ್ನು ಒಂದು ಅಂಕಿ ಮತ್ತು ಒಂದು ಬಣ್ಣದಲ್ಲಿ ಹೇಳುವ ಪದ್ಧತಿ ನಿಮಗೆ ಪರಿಚಿತವೇ. ನಮ್ಮ ದೇಶದಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ 2015ರಲ್ಲಿ ಜಾರಿಗೆ ಬಂತು. ಎಂಟು ಮಾಲಿನ್ಯಕಾರಕಗಳ ಪೈಕಿ ಯಾವುದರ ಉಪಸೂಚ್ಯಂಕ ಅತಿ ಹೆಚ್ಚೋ ಅದೇ ಆ ದಿನದ ಸೂಚ್ಯಂಕ. ಓದು ಬಾರದವರಿಗೂ ಹಸಿರು, ಹಳದಿ, ಕೆಂಪು ಅರ್ಥವಾಗುತ್ತವೆ. ಇದು ಮೆಚ್ಚತಕ್ಕ ಸರಳತೆ. ಆದರೆ ಸರಳಗೊಳಿಸುವಾಗ ಏನನ್ನು ಬಿಟ್ಟೆವು ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಯ ಕರ್ತವ್ಯ.

ಮಂಡ್ಯವನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 1.37 ಲಕ್ಷ. ಉಷ್ಣವಲಯದ ಇಂಥ ಊರಿನಲ್ಲಿ ಹೊಗೆಗೆ ಮೂಲಗಳು ಹಲವು: ಆಲೆಮನೆ, ಹೊಲದಲ್ಲಿ ಸುಡುವ ಕಬ್ಬಿನ ತರಗು, ರಸ್ತೆ ಬದಿಯ ಕಸದ ಬೆಂಕಿ, ಸ್ನಾನದ ನೀರೊಲೆ, ಹೆದ್ದಾರಿಯ ವಾಹನ. ಇವುಗಳಲ್ಲಿ ಕೆಲವು ವರ್ಷವಿಡೀ ಇರುತ್ತವೆ. ಹಾಗಿದ್ದರೂ ಜುಲೈ ತಿಂಗಳ ಗಾಳಿಗೂ ಜನವರಿಯ ಗಾಳಿಗೂ ವ್ಯತ್ಯಾಸವೇಕೆ?

ಚಳಿಗಾಲದ ತಿಳಿಯಾದ ರಾತ್ರಿಯಲ್ಲಿ ನೆಲವು ಉಷ್ಣವನ್ನು ವಿಕಿರಣದಿಂದ ಬೇಗ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚಗಿನ ಪದರ ಉಳಿಯುತ್ತದೆ. ಇದೇ ತಾಪ ವಿಲೋಮ. ತಣ್ಣಗಿನ ಭಾರ ಗಾಳಿ ಮೇಲೇರದು. ಒಲೆಯ ಹೊಗೆ ಸ್ವಲ್ಪ ಮೇಲೆದ್ದು ಅಡ್ಡಲಾಗಿ ಚಪ್ಪಟೆಯಾಗಿ ಹರಡುವುದನ್ನು ನೀವು ಕಂಡಿರಬಹುದು. ಬಿಸಿಲೇರಿ ನೆಲ ಕಾದ ಮೇಲೆ ಸಂವಹನ ಆರಂಭವಾಗಿ ಹೊಗೆ ಮೇಲಕ್ಕೆ ಚದುರುತ್ತದೆ.

ಮಳೆಗಾಲದಲ್ಲಿ ಗಾಳಿ ಶುಭ್ರವಾಗಿರುವುದಕ್ಕೆ 'ಮಳೆ ತೊಳೆಯುತ್ತದೆ' ಎಂಬ ವಿವರಣೆಯನ್ನು ತರಗತಿಗಳಲ್ಲಿ ಕೊಡುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಮಳೆಹನಿಗಳು ದಪ್ಪ ಧೂಳನ್ನು ಚೆನ್ನಾಗಿ ಹಿಡಿಯುತ್ತವೆ, 0.1ರಿಂದ 1 ಮೈಕ್ರೋಮೀಟರ್ ಗಾತ್ರದ ಕಣಗಳನ್ನು ಅಷ್ಟು ಸುಲಭವಾಗಿ ಹಿಡಿಯಲಾರವು. ಅವು ಹನಿಯ ಸುತ್ತ ಗಾಳಿಯೊಡನೆ ಸರಿದುಹೋಗುತ್ತವೆ. ಹೊಗೆಯ ಬಹುಪಾಲು ಕಣಗಳು ಇದೇ ಗಾತ್ರದವು. ಸಮುದ್ರದ ಕಡೆಯಿಂದ ಬೀಸುವ ಬಲವಾದ ಗಾಳಿ, ಒದ್ದೆ ನೆಲ, ಬೆಂಕಿ ಹೊತ್ತದ ತರಗು ಇವೂ ಕಾರಣಗಳೆಂದು ಪಾಠದಲ್ಲಿ ಸೇರಿಸಬೇಕು.

ಈಗ ಅಂಕಿಗೆ ಬನ್ನಿ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ನಮ್ಮ 2009ರ ಮಾನಕದಲ್ಲಿ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, 24 ಗಂಟೆಯ ಮಿತಿ 60. ಒಂದು ಕಾಲ್ಪನಿಕ ಊರಿನಲ್ಲಿ ಎಂಟು ತಿಂಗಳು ದಿನದ ಸರಾಸರಿ 20, ನಾಲ್ಕು ತಿಂಗಳು 70 ಇರಲಿ. ವಾರ್ಷಿಕ ಸರಾಸರಿ ಸುಮಾರು 37, ಊರು ಉತ್ತೀರ್ಣ! ಆದರೆ ಸುಮಾರು 120 ದಿನ ದೈನಿಕ ಮಿತಿ ಮೀರಿದೆ. ಮಾನಕ ಕುರುಡಲ್ಲ: ವರ್ಷದ ಶೇಕಡ 98 ಭಾಗ ದೈನಿಕ ಮಿತಿಯೊಳಗಿರಬೇಕು ಎಂದು ಅದೇ ಹೇಳುತ್ತದೆ. ಅಂದರೆ ವಿನಾಯಿತಿ ಏಳು ದಿನಕ್ಕೆ ಮಾತ್ರ. ವಾರ್ಷಿಕ ಸರಾಸರಿಯೊಂದನ್ನೇ ಎತ್ತಿ ಹೇಳುವ ನಮ್ಮ ರೂಢಿಯೇ ತಪ್ಪು.

ದಿನದ ಸರಾಸರಿಯೂ ಹೀಗೇ ಮರೆಮಾಚಬಲ್ಲದು. ಬೆಳಗ್ಗೆ 5ರಿಂದ 9, ರಾತ್ರಿ 7ರಿಂದ 9, ಒಟ್ಟು ಆರು ಗಂಟೆ 120 ಇದ್ದು, ಉಳಿದ ಹದಿನೆಂಟು ಗಂಟೆ 30 ಇದ್ದರೆ ಸರಾಸರಿ 52.5. ಸೂಚ್ಯಂಕದ ಪಟ್ಟಿಯಲ್ಲಿ 31ರಿಂದ 60 'ತೃಪ್ತಿಕರ'. ಆದರೆ ಆಸ್ತಮಾ ಇರುವ ಮಗು ಮೈದಾನದಲ್ಲಿ ಓಡುವುದು ಬೆಳಗಿನ ಏಳು ಗಂಟೆಗೆ. ಅದು ಸರಾಸರಿಯನ್ನು ಉಸಿರಾಡುವುದಿಲ್ಲ. 24 ಗಂಟೆಯ ಸರಾಸರಿಗೆ ಆರೋಗ್ಯ ಸಂಶೋಧನೆಯ ಆಧಾರವಿದೆ, ನಿಜ. ಅದನ್ನು ಕೈಬಿಡಿ ಎನ್ನುತ್ತಿಲ್ಲ. ಜೊತೆಗೆ ಗಂಟೆವಾರು ನಕ್ಷೆಯೂ ಬೇಕು ಎನ್ನುತ್ತಿದ್ದೇನೆ.

ಇನ್ನೊಂದು ಕೊರತೆ ಮಾಪನದ್ದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದಿಂದ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಿತಿ ಮೀರಿದ ದಾಖಲೆಯಿದ್ದರೆ ತಾನೆ ಪಟ್ಟಿಗೆ ಸೇರುವುದು? ಅಳೆಯದ ಊರು ಶುದ್ಧ ಊರೆಂದು ತಿಳಿಯಬೇಡಿ. ಅಗ್ಗದ ಬೆಳಕು-ಚದುರಿಕೆ ಸಂವೇದಕಗಳನ್ನು ಬಳಸುವವರೂ ಎಚ್ಚರದಿಂದಿರಬೇಕು: ಆರ್ದ್ರತೆ ಹೆಚ್ಚಾದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ಅವು ಹೆಚ್ಚು ತೋರಿಸುತ್ತವೆ.

ಶಿಕ್ಷಕರೇ, ಉಪಕರಣವಿಲ್ಲದೆಯೂ ಆರಂಭಿಸಬಹುದು. ಶಾಲೆಯಿಂದ ಕಾಣುವ ಒಂದು ಗುಡ್ಡ ಅಥವಾ ನೀರಿನ ಟ್ಯಾಂಕನ್ನು ಗುರುತಿಸಿ. ಬೆಳಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಅದು ಸ್ಪಷ್ಟವೇ, ಮಸುಕೇ, ಕಾಣದೇ ಎಂದು ಮಕ್ಕಳು ಬರೆದಿಡಲಿ. ಒಣ-ಒದ್ದೆ ಬಲ್ಬ್ ತಾಪಮಾಪಕದಿಂದ ಆರ್ದ್ರತೆಯನ್ನೂ ದಾಖಲಿಸಲಿ. ಇಲ್ಲದಿದ್ದರೆ ಮಂಜನ್ನೇ ಹೊಗೆ ಎಂದುಕೊಂಡೀರಿ. ಹೊಗೆ ನೆಟ್ಟಗೆ ಏರುತ್ತಿದೆಯೇ, ಚಪ್ಪಟೆಯಾಗಿದೆಯೇ ಎಂಬುದನ್ನೂ ಸೇರಿಸಿ. ವರ್ಷಾಂತ್ಯದಲ್ಲಿ ಸರಾಸರಿ ತೆಗೆಯುವ ಮುನ್ನ ತಿಂಗಳುವಾರು ನಕ್ಷೆ ಎಳೆಯಿರಿ. ಚಳಿಗಾಲದ ವ್ಯಾಯಾಮದ ಅವಧಿಯನ್ನು ಬಿಸಿಲೇರಿದ ಮೇಲಕ್ಕೆ ಸರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಆ ನಕ್ಷೆಯಲ್ಲೇ ಸಿಗಬಹುದು.