ನಿಂತ ಚೌಕಟ್ಟು, ಅಳಿಸಿಹೋದ ಅಂತರ

1

ಕಳೆದ ವರ್ಷ ನಮ್ಮೂರ ಜಾತ್ರೆಯಲ್ಲಿ ನಮ್ಮಪ್ಪ ತಮಟೆ ಬಡಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು ತೆಗೆದದ್ದು. ಅದನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿ, ಒಂದು ಸಿನಿಮಾ ಹಾಡು ಕೂರಿಸಿ, ಕೆಳಗೆ ‘ನಮ್ಮ ಜಾನಪದ ಕಲೆ’ ಎಂದು ದಪ್ಪಕ್ಷರದಲ್ಲಿ ಬರೆದು ರೀಲ್ಸ್‌ಗೆ ಹಾಕಿದೆ. ಸಾವಿರಾರು ಜನ ನೋಡಿದರು. ನನ್ನ ವಿದ್ಯಾರ್ಥಿಗಳು ‘ಸೂಪರ್ ಸಾರ್’ ಅಂದರು. ಹೆಮ್ಮೆಯಿಂದಲೇ ಅಪ್ಪನಿಗೆ ತೋರಿಸಿದೆ. ಅಪ್ಪ ಎರಡು ಸಲ ನೋಡಿ, ‘ನನ್ ಕೈ ಎಲ್ಲೋ ಮಗ? ಬಡ್ದೋನು ನಾನು, ಸದ್ದು ಇನ್ಯಾರ್ದೋ ಐತೆ’ ಅಂದು ಫೋನು ವಾಪಸು ಕೊಟ್ಟು ಬೀಡಿ ಹಚ್ಚಿಕೊಂಡ.

ಕನ್ನಡ ಎಂ.ಎ. ಮಾಡಿ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ವಿಮರ್ಶೆಯ ಪಾಠ ಹೇಳುವವನು ನಾನು. ನನ್ನ ಕೃತಿಯೊಂದರ ಮೇಲೆ ಬಂದ ಮೊದಲ ವಿಮರ್ಶೆ ಇದು. ಈ ಬರಹ ಅಪ್ಪನ ಆ ಮಾತಿನ ವಿಸ್ತರಣೆ ಮಾತ್ರ.

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಮೊಬೈಲ್ ವೀಡಿಯೊದ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ದಲಿತ ವಿಮರ್ಶೆ ಎಂದರೆ ಕತೆ, ಕಾವ್ಯ, ಆತ್ಮಕಥನಗಳ ವಿಮರ್ಶೆ ಎಂದೇ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ನನ್ನ ತರಗತಿಯ ಹುಡುಗ ಹುಡುಗಿಯರು ಸೆಮಿಸ್ಟರಿಗೆ ನಾಲ್ಕು ಕತೆ ಓದಿದರೆ ಹೆಚ್ಚು. ಈ ನಿಂತ ವೀಡಿಯೊಗಳನ್ನು ದಿನಕ್ಕೆಷ್ಟು ನೋಡುತ್ತಾರೋ ಲೆಕ್ಕವಿಲ್ಲ. ನೋಡುವುದಷ್ಟೇ ಅಲ್ಲ, ಮಾಡುತ್ತಾರೆ ಕೂಡ. ಕೇರಿಯ ಹುಡುಗರು ತಮ್ಮ ಬದುಕಿನ ಬಗ್ಗೆ ಇಷ್ಟೊಂದು ಸಂಖ್ಯೆಯಲ್ಲಿ ಹೇಳಿಕೊಳ್ಳುತ್ತಿರುವುದು ಈ ಮಾಧ್ಯಮದಲ್ಲೇ. ಅದರ ಬಗ್ಗೆ ನಮ್ಮ ಹಿರಿಯರು ಎರಡೇ ಮಾತು ಆಡುತ್ತಾರೆ: ‘ಹಾಳಾಗಿ ಹೋದರು’ ಅಂತ ಬೈಯುವುದು, ಇಲ್ಲವೇ ‘ಎಲ್ಲರ ಕೈಗೂ ಮಾಧ್ಯಮ ಬಂತು’ ಅಂತ ಹೊಗಳುವುದು. ಎರಡೂ ವಿಮರ್ಶೆಯಲ್ಲ. ಹೇಗೆ ಹಿಡಿಯಬೇಕು, ಎಲ್ಲಿ ಕತ್ತರಿಸಬೇಕು ಅನ್ನುವ ಪ್ರಶ್ನೆಯನ್ನು ಬರೀ ತಾಂತ್ರಿಕ ಎಂದು ಬಿಟ್ಟುಕೊಟ್ಟರೆ, ನಮ್ಮನ್ನು ನಾವು ಹೇಗೆ ಕಾಣಬೇಕೆಂಬ ತೀರ್ಮಾನವನ್ನೇ ಬಿಟ್ಟುಕೊಟ್ಟಂತೆ.

2

ಮೊದಲು ಚೌಕಟ್ಟಿನ ವಿಚಾರ. ಸಿನಿಮಾ ಪರದೆ ಹುಟ್ಟಿದಾಗಿನಿಂದ ಅಡ್ಡವೇ. 1930ರಲ್ಲಿ ಹಾಲಿವುಡ್‌ನಲ್ಲಿ ಪರದೆಯನ್ನು ಇನ್ನೂ ಅಗಲ ಮಾಡುವ ಚರ್ಚೆ ನಡೆದಾಗ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಅದನ್ನು ವಿರೋಧಿಸಿದ್ದ. ನೆಟ್ಟಗೆ ನಿಂತದ್ದನ್ನೆಲ್ಲ ಅಡ್ಡ ಪರದೆ ಹೊರಗಿಡುತ್ತದೆ, ಆದ್ದರಿಂದ ಎರಡಕ್ಕೂ ಒದಗುವ ಚೌಕ ಪರದೆ ಬೇಕು ಅನ್ನುವುದು ಅವನ ವಾದವಾಗಿತ್ತು. ಅವನ ಮಾತು ಆಗ ನಡೆಯಲಿಲ್ಲ. ಈಗ ಯಾರೂ ವಾದಿಸದೆಯೇ, ಒಂದು ಕೈಯಲ್ಲಿ ಫೋನು ಹಿಡಿಯುವ ಅಭ್ಯಾಸದಿಂದ, ಚೌಕಟ್ಟು ಎದ್ದು ನಿಂತಿದೆ. ಅಗಲ ಒಂಬತ್ತಾದರೆ ಎತ್ತರ ಹದಿನಾರು.

ಅಡ್ಡ ಹಿಡಿದದ್ದನ್ನು ‘ಲ್ಯಾಂಡ್‌ಸ್ಕೇಪ್’ ಅನ್ನುತ್ತಾರೆ, ನಿಲ್ಲಿಸಿ ಹಿಡಿದದ್ದನ್ನು ‘ಪೋರ್ಟ್ರೇಟ್’ ಅನ್ನುತ್ತಾರೆ. ಒಂದು ನೆಲದ ಚಿತ್ರ, ಇನ್ನೊಂದು ಮನುಷ್ಯನ ಚಿತ್ರ. ನೆಲವಿಲ್ಲದವರಿಗೆ ಈ ಎರಡನೆಯದರ ಆಕರ್ಷಣೆ ಸಹಜ. ಬೇರೆಯವರ ಹೊಲದ ಮೂಲೆಯಲ್ಲಿ ಬಗ್ಗಿದ ಬೆನ್ನಾಗಿ ಕಂಡವನು ಇಲ್ಲಿ ಅಡಿಯಿಂದ ಮುಡಿಯವರೆಗೆ ನಿಂತು ಪರದೆ ತುಂಬುತ್ತಾನೆ. ಇದು ಸಣ್ಣ ಸಂಗತಿಯಲ್ಲ. ನನ್ನ ವೀಡಿಯೊದಲ್ಲಿ ಅಪ್ಪ ಹಾಗೆ ನಿಂತಿದ್ದ. ನಾನು ಸೋತದ್ದು ಅಲ್ಲೇ.

ಯಾಕೆಂದರೆ ಅಪ್ಪ ನಿಂತಿದ್ದ ಜಾಗದಿಂದ ಎಡಕ್ಕೆ ಸುಮಾರು ಮೂವತ್ತು ಹೆಜ್ಜೆಯಲ್ಲಿ ದೇವಸ್ಥಾನದ ಮೆಟ್ಟಿಲಿದೆ. ಅಪ್ಪ ನಲವತ್ತು ವರ್ಷದಿಂದ ಆ ಮೂವತ್ತು ಹೆಜ್ಜೆ ದಾಟಿಲ್ಲ. ಜಾತ್ರೆ ಶುರುವಾಗಲು ಅವನ ತಮಟೆ ಬೇಕು, ಅವನು ಬೇಡ. ನನ್ನ ನಿಂತ ಚೌಕಟ್ಟು ದೇವಸ್ಥಾನವನ್ನೂ ಆ ಮೂವತ್ತು ಹೆಜ್ಜೆಯನ್ನೂ ಒಟ್ಟಿಗೇ ಕತ್ತರಿಸಿ ಎಸೆದಿತ್ತು. ಉಳಿದವನು ಬರೀ ಒಬ್ಬ ಕಲಾವಿದ. ಎಲ್ಲಿ ಬೇಕಾದರೂ ನಿಂತಿರಬಹುದಾದ ಸ್ವತಂತ್ರ ಮನುಷ್ಯ. ಅಸ್ಪೃಶ್ಯತೆ ಅನ್ನುವುದೇ ಅಂತರದ ಶಾಸ್ತ್ರ. ಯಾರು ಯಾರಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದೇ ಅದರ ವ್ಯಾಕರಣ. ಅಕ್ಕಪಕ್ಕವನ್ನು ಅಳಿಸುವ ಚೌಕಟ್ಟು ಮನುಷ್ಯನಿಗೆ ಎತ್ತರ ಕೊಟ್ಟು ಅಂತರವನ್ನು ಮುಚ್ಚಿಡುತ್ತದೆ.

ನಾಗರಾಜ ಮಂಜುಳೆಯವರ ‘ಫಂಡ್ರಿ’ (2013) ಸಿನಿಮಾದಲ್ಲಿ ಹಂದಿಯನ್ನು ಬೊಂಬಿಗೆ ಕಟ್ಟಿ ಹೊತ್ತೊಯ್ಯುವ ದೃಶ್ಯವಿದೆ. ಹಿಂದಿನ ಶಾಲೆಯ ಗೋಡೆಯಲ್ಲಿ ಅಂಬೇಡ್ಕರ್, ಫುಲೆ ಮೊದಲಾದವರ ಚಿತ್ರಗಳಿವೆ. ಗೋಡೆ, ಹಂದಿ, ಹೊತ್ತ ಹೆಗಲು ಎಲ್ಲವೂ ಒಂದೇ ನೋಟದಲ್ಲಿ ಇರುವುದರಿಂದಲೇ ಆ ದೃಶ್ಯ ನಮ್ಮ ಎದೆಗೆ ಒದೆಯುತ್ತದೆ. ಅದನ್ನೇ ನಿಂತ ಚೌಕಟ್ಟಿಗೆ ಕತ್ತರಿಸಿ ನೋಡಿ: ಒಂದು ಹೆಗಲೋ ಒಂದು ಭಾವಚಿತ್ರವೋ ಉಳಿಯುತ್ತದೆ, ಸಂಬಂಧ ಉಳಿಯುವುದಿಲ್ಲ.

ಹಾಗಾದರೆ ಫೋನು ಅಡ್ಡ ಹಿಡಿಯಿರಿ ಅನ್ನುವುದೇ ಉತ್ತರವೆ? ಅಲ್ಲ. ನಮ್ಮ ಜನ ನೋಡುವುದು ನಿಂತ ಪರದೆಯಲ್ಲೇ. ಅದರೊಳಗೇ ಅಂತರವನ್ನು ತರುವ ದಾರಿ ಹುಡುಕಬೇಕು. ಈ ವರ್ಷದ ಜಾತ್ರೆಯಲ್ಲಿ ನಾನು ಜಾಗ ಬದಲಿಸಿದೆ. ದೇವಸ್ಥಾನಕ್ಕೆ ಎದುರಾಗಿ, ಅಪ್ಪನಿಗೆ ಈಚೆ ನಿಂತೆ. ಈಗ ಅಪ್ಪ ಮುಂದೆ, ನಡುವೆ ಖಾಲಿ ನೆಲ, ಅವನ ಹೆಗಲ ಮೇಲ್ಗಡೆ ದೂರದಲ್ಲಿ ಮೆಟ್ಟಿಲು. ಪಕ್ಕದಲ್ಲಿದ್ದ ಅಂತರ ಆಳವಾಗಿ ಬಂತು. ನಿಂತ ಚೌಕಟ್ಟಿಗೆ ಅಗಲವಿಲ್ಲ, ಆದರೆ ಹಿಂದು–ಮುಂದು ಇದೆ.

ಇಲ್ಲಿ ಒಂದು ಎಚ್ಚರ ಬೇಕು. ದೂರ ನಿಂತು ಝೂಮ್ ಮಾಡಿದರೆ ಹಿಂದಿನದು ದೊಡ್ಡದಾಗಿ ಮುಂದಕ್ಕೆ ಬಂದಂತೆ ಕಾಣುತ್ತದೆ. ದೇವಸ್ಥಾನ ಅಪ್ಪನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಅದು ಸುಳ್ಳು. ಅಗಲದ ಲೆನ್ಸಿನಲ್ಲಿ ತೀರಾ ಹತ್ತಿರ ಹೋದರೆ ಮೂವತ್ತು ಹೆಜ್ಜೆ ಅರ್ಧ ಮೈಲಿಯಾಗುತ್ತದೆ. ಅದೂ ಸುಳ್ಳೇ. ಫೋನಿನ ಮುಖ್ಯ ಲೆನ್ಸಿನಲ್ಲಿ, ಆರೇಳು ಅಡಿ ದೂರದಲ್ಲಿ, ಅಪ್ಪನ ಎದೆಯ ಮಟ್ಟಕ್ಕೆ ಹಿಡಿದೆ. ಮೇಲಿನಿಂದ ಹಿಡಿದರೆ ಮನುಷ್ಯ ಕುಗ್ಗುತ್ತಾನೆ, ಕಾಲ ಬಳಿಯಿಂದ ಹಿಡಿದರೆ ಸಿನಿಮಾ ಹೀರೊ ಆಗುತ್ತಾನೆ. ಅಪ್ಪ ಎರಡೂ ಅಲ್ಲ.

3

ಇನ್ನು ಅಪ್ಪನ ಕೈ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ. ತಮಟೆಯ ವಿದ್ಯೆಯೆಲ್ಲ ಈ ಎರಡರ ಸಂವಾದದಲ್ಲಿದೆ. ನನ್ನ ಮೊದಲ ವೀಡಿಯೊದಲ್ಲಿ ಮುಖ ನಡುವೆ ಇತ್ತು, ಕೈ ಕೆಳಗಿತ್ತು. ನಿಂತ ಪರದೆಯ ಕೆಳಭಾಗ ನಮ್ಮದಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಅಲ್ಲಿ ಹಾಕಿದವರ ಹೆಸರು, ವಿವರಣೆ, ಹಾಡಿನ ಹೆಸರು ಬಂದು ಕೂರುತ್ತವೆ. ಬಲ ಅಂಚಿನಲ್ಲಿ ಮೆಚ್ಚುವ, ಹಂಚುವ ಗುರುತುಗಳ ಸಾಲು. ಅದು ಸಾಲದೆಂದು ನಾನೇ ‘ನಮ್ಮ ಜಾನಪದ ಕಲೆ’ ಎಂಬ ಹಲಗೆ ನೇತುಹಾಕಿದ್ದೆ. ಅಪ್ಪನ ಕೈಯನ್ನು ಮುಚ್ಚಿದ್ದು ನನ್ನ ಹೊಗಳಿಕೆಯೇ! ನಮ್ಮ ಸಂಸ್ಕೃತಿ ಚಿಂತನೆಯಲ್ಲಿ ಇದು ಹೊಸತಲ್ಲ. ದುಡಿಯುವ ಕೈಯ ಮೇಲೆ ‘ಜಾನಪದ’ ಎಂಬ ಮಾತನ್ನು ಹೊದಿಸಿಬಿಟ್ಟರೆ ಕೈ ಕಾಣುವುದಿಲ್ಲ. ಆದ್ದರಿಂದ ಕೆಲಸ ಮಾಡುವ ಕೈ ಪರದೆಯ ನಡುವೆ ಬರಬೇಕು. ಅಕ್ಷರವೇನಿದ್ದರೂ ಕೆಳಗಿನ ಕಾಲು ಭಾಗ ಬಿಟ್ಟು ಮೇಲೆ, ಬಲ ಅಂಚು ತಪ್ಪಿಸಿ ಬರಬೇಕು.

ಮುಖದ್ದೂ ಒಂದು ಕತೆ. ಬಿಸಿಲು, ಹಿಂದೆ ಸುಣ್ಣ ಬಳಿದ ಗೋಡೆ. ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಸರಾಸರಿ ಮಾಡುತ್ತದೆ. ಬಿಳಿ ಗೋಡೆಗೆ ತಕ್ಕಂತೆ ಬೆಳಕು ತಗ್ಗಿಸಿ ಕಪ್ಪು ಮುಖವನ್ನು ಕತ್ತಲೆಗೆ ತಳ್ಳುತ್ತದೆ. ಈ ಪಕ್ಷಪಾತಕ್ಕೆ ಚರಿತ್ರೆಯಿದೆ. ಬಣ್ಣದ ಫೋಟೊ ಮುದ್ರಿಸುವ ಲ್ಯಾಬುಗಳಿಗೆ ಕೊಡಾಕ್ ಕಂಪನಿ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಬಿಳಿ ಹೆಣ್ಣಿನ ಚರ್ಮವೇ ಅಳತೆಗೋಲಾಗಿತ್ತು. ಪರದೆಯ ಮೇಲೆ ಅಪ್ಪನ ಮುಖವನ್ನು ಬೆರಳಿಂದ ಒತ್ತಿ ಹಿಡಿದರೆ ಫೋನು ಆ ಮುಖಕ್ಕೇ ಬೆಳಕನ್ನೂ ಸ್ಪಷ್ಟತೆಯನ್ನೂ ಬೀಗ ಹಾಕಿಕೊಳ್ಳುತ್ತದೆ. ಗೋಡೆ ಬೆಳ್ಳಗೆ ಸುಟ್ಟುಹೋದರೆ ಹೋಗಲಿ. ಇನ್ನೂ ಒಳ್ಳೆಯದೆಂದರೆ ಬೇವಿನ ನೆರಳಿಗೆ ಕರೆದು, ಬೆಳಕು ಒಂದು ಪಕ್ಕದಿಂದ ಬೀಳುವಂತೆ ನಿಲ್ಲಿಸುವುದು. ಮುಖ ಬೆಳ್ಳಗೆ ಮಾಡುವ ಫಿಲ್ಟರನ್ನಂತೂ ಮುಟ್ಟಬಾರದು. ಅಪ್ಪನನ್ನು ನಾಲ್ಕು ಜನ ನೋಡಲೆಂದು ಅವನ ಬಣ್ಣವನ್ನೇ ತೊಳೆಯುವುದು ಅವಮಾನ.

4

‘ಸದ್ದು ಇನ್ಯಾರ್ದೋ’ ಅನ್ನುವುದು ಅಪ್ಪನ ಎರಡನೆಯ ತಕರಾರು. ಕಾರಂತರ ‘ಚೋಮನ ದುಡಿ’ (1933) ಮತ್ತು ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು (1975) ಎರಡರ ಬಗ್ಗೆಯೂ ನಮಗೆ ಪ್ರಶ್ನೆಗಳಿವೆ, ಇರಬೇಕು. ಆದರೆ ಚೋಮನ ದುಡಿಯ ಸದ್ದನ್ನು ತೆಗೆದು ಅಲ್ಲಿ ಬೇರೆ ಹಾಡು ಹಾಕುವ ಧೈರ್ಯ ಯಾರೂ ಮಾಡಲಿಲ್ಲ. ಮಗನಾದ ನಾನು ಅದನ್ನು ಎರಡು ನಿಮಿಷದಲ್ಲಿ ಮಾಡಿದ್ದೆ. ಕಾರಣ ಇಷ್ಟೆ: ಹತ್ತಿರದಿಂದ ತೆಗೆದ ತಮಟೆಯ ಸದ್ದು ಫೋನಿನಲ್ಲಿ ಒಡೆದು ಕರಕರ ಅನ್ನುತ್ತಿತ್ತು. ಫೋನಿನ ಮೈಕು ಮಾತಿಗೆಂದು ಹೊಂದಿಸಿದ್ದು. ಪೆಟ್ಟು ಬಿದ್ದ ಕೂಡಲೇ ಬೆದರಿ ಸದ್ದು ತಗ್ಗಿಸಿಬಿಡುತ್ತದೆ. ಎರಡನೆಯ ಸಲ ಇನ್ನೊಂದು ಫೋನನ್ನು ಇಪ್ಪತ್ತು ಅಡಿ ದೂರದ ಕಲ್ಲಿನ ಮೇಲಿಟ್ಟು ಬರೀ ಸದ್ದು ಹಿಡಿದೆ. ಮೊದಲ ಪೆಟ್ಟಿನ ಸದ್ದನ್ನು ಚಿತ್ರದಲ್ಲಿ ಕೋಲು ಚರ್ಮಕ್ಕೆ ತಾಗುವ ಕ್ಷಣಕ್ಕೆ ಕೂರಿಸಿದರೆ ಎರಡೂ ಹೊಂದುತ್ತವೆ.

ಕತ್ತರಿಸುವ ವಿಚಾರಕ್ಕೆ ಬಂದರೆ, ಈ ಆಪ್‌ಗಳು ತಾವೇ ತಾಳ ಹುಡುಕಿ ಕತ್ತರಿಸಿಕೊಡುತ್ತವೆ. ಅಪ್ಪನ ವರಸೆಗೆ ಅದರದೇ ಸುತ್ತು ಇದೆ. ಸುತ್ತು ಮುಗಿಯುವ ಮುನ್ನ ಕತ್ತರಿಸಿದರೆ ಮಾತಾಡುವವನ ಬಾಯಿ ಮುಚ್ಚಿದಂತೆ. ನಲವತ್ತು ಸೆಕೆಂಡಿನಲ್ಲಿ ಮೊದಲು ಹದಿನೆಂಟು ತುಂಡು ಮಾಡಿದ್ದೆ, ಈಗ ಐದು. ‘ಮೊದಲ ಮೂರು ಸೆಕೆಂಡಲ್ಲಿ ಹಿಡೀಬೇಕು ಸಾರ್, ಇಲ್ದಿದ್ರೆ ಜನ ಹೊರಟೋಗ್ತಾರೆ’ ಅನ್ನುತ್ತಾರೆ ಹುಡುಗರು. ಸರಿ, ಆ ಮೂರು ಸೆಕೆಂಡಿಗೆ ತಮಟೆ ಕಾಯಿಸುವುದನ್ನು ಇಟ್ಟೆ. ಹುಲ್ಲಿನ ಉರಿ, ಬಿಗಿಯಾಗುವ ಚರ್ಮ, ಬೆರಳಲ್ಲಿ ತಟ್ಟಿ ನೋಡುವ ಅಪ್ಪ. ಮೊದಲ ವೀಡಿಯೊದಲ್ಲಿ ‘ಬೋರು’ ಎಂದು ಎಸೆದದ್ದು ಅದನ್ನೇ. ಅಪ್ಪ ಆಡಿದ ಒಂದು ಮಾತನ್ನು ಆಡಿದ ಹಾಗೇ ಅಕ್ಷರದಲ್ಲಿ ಬರೆದೆ. ‘ಐತೆ’ಯನ್ನು ‘ಇದೆ’ ಎಂದು ತಿದ್ದಲಿಲ್ಲ.

ಸಂಘಟನೆಯಲ್ಲಿ ದುಡಿದ ಹಿರಿಯಣ್ಣ ಒಬ್ಬರು ಮೊದಲ ವೀಡಿಯೊ ನೋಡಿ, ‘ಸಾವಿಗೆ ಬಡಿಯೋದು ಬಿಡಿ ಅಂತ ನಾವು ಊರೂರು ತಿರುಗಿದ್ವಿ, ನೀನು ಅದಕ್ಕೆ ಹಾಡು ಹಾಕಿ ಕುಣಿಸ್ತಿದೀಯಲ್ಲಪ್ಪ’ ಅಂದಿದ್ದರು. ನ್ಯಾಯವಾದ ಮಾತು. ಇದೇ ತಮಟೆಯನ್ನು ಜಾಥಾದ ಮುಂದೆ ಬಡಿದವರೂ ಅವರೇ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ತಮಟೆ ಜೀತವೋ, ಕಲೆಯೋ, ಹೋರಾಟವೋ ಅನ್ನುವುದು ಅದು ಯಾರ ಬಾಗಿಲಲ್ಲಿ, ಯಾರ ಅಪ್ಪಣೆಯಲ್ಲಿ ಬಡಿಯುತ್ತದೆ ಅನ್ನುವುದರ ಮೇಲಿದೆ. ಆ ಬಾಗಿಲನ್ನು ಚೌಕಟ್ಟಿನಿಂದ ಬಿಟ್ಟರೆ ಪ್ರಶ್ನೆಯೇ ಬಿಟ್ಟುಹೋಗುತ್ತದೆ.

5

ಕಾರ್ಯಕರ್ತ ಗೆಳೆಯರಿಗೆ ಒಂದು ಮಾತು. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಕಟ್ಟಿ ಹೊಡೆದದ್ದನ್ನು ಚಿತ್ರೀಕರಿಸಿ ಹಂಚಿದವರು ಹೊಡೆದ ಕಡೆಯವರೇ. ಅವರಿಗದು ಹೆಮ್ಮೆಯ ವೀಡಿಯೊ. ಅದೇ ವೀಡಿಯೊ ಅವರ ವಿರುದ್ಧ ದೇಶವನ್ನೇ ಎಬ್ಬಿಸಿತು. ಫೋನು ಯಾರ ಪಕ್ಷವೂ ಅಲ್ಲ. ಇಂಥದ್ದು ಕಣ್ಣೆದುರು ನಡೆದಾಗ ಚಂದದ ಚೌಕಟ್ಟಿನ ಚಿಂತೆ ಬೇಡ: ಸುತ್ತಲಿನ ಜಾಗ ಗುರುತು ಸಿಗುವಂತೆ, ನಡುವೆ ನಿಲ್ಲಿಸದೆ ತೆಗೆಯಿರಿ. ಮೂಲ ಫೈಲನ್ನು ಮುಟ್ಟಬೇಡಿ, ಕತ್ತರಿಸುವುದೇನಿದ್ದರೂ ಪ್ರತಿಯಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಫೈಲಿನ ‘ಹ್ಯಾಷ್’ ಸಂಖ್ಯೆ ಬರೆಯಬೇಕು. ಅದು ಫೈಲಿನ ಹೆಬ್ಬೆಟ್ಟಿನ ಗುರುತಿದ್ದಂತೆ; ಒಂದು ಸೆಕೆಂಡು ಕತ್ತರಿಸಿದರೂ ಬದಲಾಗುತ್ತದೆ. ವಾಟ್ಸಾಪಿನಲ್ಲಿ ವೀಡಿಯೊ ಎಂದು ಕಳಿಸಿದರೆ ಕುಗ್ಗಿ ಬೇರೆಯೇ ಫೈಲಾಗುತ್ತದೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ನಮ್ಮ ಎಷ್ಟೋ ಹುಡುಗರ ಹಾಡು, ಕುಣಿತ ರಾತ್ರೋರಾತ್ರಿ ಕೈತಪ್ಪಿ ಹೋದವು. ಆಪ್ ಬಾಡಿಗೆ ಮನೆ. ಮೂಲವನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕು.

ಎರಡನೆಯ ವೀಡಿಯೊವನ್ನು ಮೊದಲಿನದರ ಕಾಲು ಭಾಗ ಜನವೂ ನೋಡಲಿಲ್ಲ. ಊರಿನ ಒಬ್ಬರು ಫೋನು ಮಾಡಿ, ‘ದೇವಸ್ಥಾನ ಯಾಕೆ ತೋರಿಸ್ದೆ? ಅದನ್ನ ತೆಗಿ’ ಅಂದರು. ಮೊದಲನೆಯದಕ್ಕೆ ಅವರೇ ಚಪ್ಪಾಳೆಯ ಗುರುತು ಹಾಕಿದ್ದರು. ನಾನು ತೆಗೆಯಲಿಲ್ಲ. ಅಂತರ ಕಾಣಿಸಿತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಆದರೆ ಅಪ್ಪನ ವಿಮರ್ಶೆ ಮುಗಿದಿಲ್ಲ. ಈ ಸಲವೂ ಎರಡು ಸಲ ನೋಡಿದ. ‘ಕೈ ಕಾಣ್ತೈತೆ. ಸದ್ದೂ ನಂದೇ’ ಅಂದ. ಆಮೇಲೆ ಕೇಳಿದ: ‘ನಿಮ್ ದೊಡ್ಡಪ್ಪ ನನ್ ಪಕ್ಕದಲ್ಲೇ ಇದ್ನಲ್ಲೋ, ಅವನ್ನ ಯಾಕ್ ಬಿಟ್ಟೆ?’

ನಮ್ಮ ತಂಡದಲ್ಲಿ ಐದು ಜನ. ನಿಂತ ಚೌಕಟ್ಟಿನಲ್ಲಿ ಒಬ್ಬನನ್ನು ಎತ್ತರಕ್ಕೆ ನಿಲ್ಲಿಸುವುದನ್ನು ಕಲಿತೆ. ಐವರನ್ನು ಸಮವಾಗಿ ನಿಲ್ಲಿಸುವುದು ಇನ್ನೂ ಬಂದಿಲ್ಲ. ಬರುವ ಜಾತ್ರೆಗೆ ಅದನ್ನು ಕಲಿಯಬೇಕು.